ಅಮಾವಾಸ್ಯೆಯ ರೋಲುಗಳು

ನಾನು ಕೊರೆದ ರೋಲು ಒಡೆಯುತ್ತದೆ ಎಂದು ಊರೆಲ್ಲ ಸಾರಿದ ಮನುಷ್ಯ ಇನ್ನೂ ಗಟ್ಟಿಮುಟ್ಟಾಗಿದ್ದಾನೆ. ಶಹಾಪುರದ ಬಸ್ ನಿಲ್ದಾಣದಲ್ಲಿ ಆಗಾಗ ಎದುರಾಗುತ್ತಾನೆ. ಅವನು ನೆರಳಿನ ಬೆಂಚಿನ ಮೇಲೆ ಕೂತಿದ್ದರೆ ನಾನು ಬಿಸಿಲಲ್ಲೇ ನಿಲ್ಲುತ್ತೇನೆ. "ಇನ್ನೂ ಸಿಟ್ಟೇನೋ ಮಾರಾಯ?" ಎಂದು ಗೆಳೆಯರು ಕೇಳುತ್ತಾರೆ. ಹೌದು, ಸಿಟ್ಟೇ. ಆರಿಲ್ಲ. ಆರಿಸಿಕೊಳ್ಳುವ ಮನಸ್ಸೂ ನನಗಿಲ್ಲ. ಕೇಳಿದ ಮೇಲೆ ನೀವೇ ಹೇಳಿ, ಆರಬೇಕಾ ಅಂತ.

ಯಾದಗಿರಿಯಿಂದ ವಡಗೇರಾ ಕಡೆಗೆ ಹೋಗುವ ದಾರಿಯಲ್ಲಿ ಒಂದು ಕಂಬಿ ಮಿಲ್ಲಿತ್ತು. ಮನೆ ಕಟ್ಟುವ ಕಬ್ಬಿಣದ ಕಂಬಿ ತಯಾರಾಗುವ ಜಾಗ. ಭಟ್ಟಿಯಲ್ಲಿ ಕೆಂಪಗೆ ಕಾಯಿಸಿದ ಉಕ್ಕಿನ ದಿಂಡನ್ನು ಎರಡು ರೋಲುಗಳ ನಡುವೆ ತೂರಿಸುತ್ತಾರೆ. ರೋಲು ಅಂದರೆ ಮನುಷ್ಯನ ಸೊಂಟದಷ್ಟು ದಪ್ಪದ ಬೀಡುಕಬ್ಬಿಣದ ಉರುಳೆ. ಅದರ ಮೈ ಸುತ್ತ ಕಚ್ಚು ಕೊರೆದಿರುತ್ತದೆ. ದಿಂಡು ಒಂದು ಕಚ್ಚಿನಿಂದ ಇನ್ನೊಂದಕ್ಕೆ ದಾಟುತ್ತ ಸಣ್ಣದಾಗಿ, ಉದ್ದವಾಗಿ, ಕೊನೆಯ ರೋಲಿನಲ್ಲಿ ಮೈಮೇಲೆ ಓರೆ ಗೆರೆಗಳನ್ನು ಪಡೆದು ಕಂಬಿಯಾಗಿ ಹೊರಬರುತ್ತದೆ. ಆ ಓರೆ ಗೆರೆಯೇ ಸಿಮೆಂಟನ್ನು ಹಿಡಿದುಕೊಳ್ಳುವುದು. ಗೆರೆ ಸವೆದರೆ ಕಂಬಿ ಹೋಯಿತು, ಕಂಬಿ ಹೋದರೆ ಮಿಲ್ಲಿನ ಹೆಸರು ಹೋಯಿತು. ಆ ಕಚ್ಚುಗಳನ್ನೂ ಗೆರೆಗಳನ್ನೂ ಲೇತ್ ಯಂತ್ರದ ಮೇಲೆ ಕೊರೆಯುತ್ತಿದ್ದವನು ನಾನು.

ನನ್ನೂರು ದೋರನಹಳ್ಳಿ. ಲೇತು ಕಲಿತದ್ದು ಶಹಾಪುರದಲ್ಲಿ, ಟ್ರ್ಯಾಕ್ಟರಿನ ಸಾಮಾನು, ಪಂಪಿನ ಶಾಫ್ಟು ಕೊರೆಯುವ ಅಂಗಡಿಯಲ್ಲಿ. ನನಗೆ ಬಾಯಿ ಜಾಸ್ತಿ, ಸಿಟ್ಟು ಅದಕ್ಕಿಂತ ಜಾಸ್ತಿ, ಒಪ್ಪುತ್ತೇನೆ. ಆದರೆ ನನ್ನ ಕೆಲಸಕ್ಕೆ ಯಾರೂ ಬೆರಳು ತೋರಿಸಿರಲಿಲ್ಲ. ಕಚ್ಚಿನ ಆಕಾರಕ್ಕೆ ಕತ್ತರಿಸಿದ ತಗಡಿನ ಫರ್ಮಾವನ್ನು ಅದರೊಳಗೆ ಇಟ್ಟು, ಹಿಂದೆ ದೀಪ ಹಿಡಿದು, ಎಲ್ಲಿಯೂ ಬೆಳಕು ಸೋರುವುದಿಲ್ಲ ಎಂದು ಖಾತ್ರಿಯಾಗದೆ ನಾನು ರೋಲು ಬಿಟ್ಟುಕೊಟ್ಟವನಲ್ಲ.

ನನ್ನ ರೋಲುಗಳನ್ನು ತೆಗೆದುಕೊಂಡು ಹೋಗಿ ಓಡಿಸುತ್ತಿದ್ದವನು ಮಿಲ್ಲಿನ ಫೋರ್‌ಮನ್. ಬಸ್ ನಿಲ್ದಾಣದ ಆ ಮನುಷ್ಯ ಇವನೇ. ಸುರಪುರದವನು. ದಪ್ಪ ಮೀಸೆ, ದಪ್ಪ ದನಿ. ಅವನು ನನ್ನ ಲೇತಿನ ಕೋಣೆಗೆ 'ಅಡಗಿ ಮನಿ' ಎಂದು ಹೆಸರಿಟ್ಟಿದ್ದ. ಬೆಳಗಾದರೆ ಬಾಗಿಲಲ್ಲಿ ಬಂದು ನಿಂತು, ಕೂಲಿ ಜನ ಕೇಳುವ ಹಾಗೆ, "ಏನಪಾ, ಅಡಗಿ ಆತೇನು? ಇವತ್ತರ ಉಪ್ಪು ಸರಿ ಹಾಕಿಯೇನು?" ಅನ್ನುತ್ತಿದ್ದ. ಜನ ಕಿಸಕ್ಕನೆ ನಗುತ್ತಿದ್ದರು. ಮೊದಮೊದಲು ನಾನೂ ನಕ್ಕೆ. ಆಮೇಲೆ ಹಲ್ಲು ಕಡಿಯತೊಡಗಿದೆ.

ಯಾಕೆಂದರೆ ಹೊಸ ರೋಲುಗಳು ನಿಜವಾಗಿಯೂ ಒಡೆಯುತ್ತಿದ್ದವು. ಪೂರ್ತಿ ಎರಡು ಹೋಳಾಗುತ್ತಿದ್ದವು ಎಂದಲ್ಲ. ಕಚ್ಚಿನ ತಳದಲ್ಲಿ ಬೇಸಿಗೆಯ ಎರೆಹೊಲದ ಹಾಗೆ ಸಣ್ಣ ಬಿರುಕು ಬಿಡುತ್ತಿದ್ದವು. ಬಿರುಕು ದೊಡ್ಡದಾಗಿ ಚೂರು ಉದುರುತ್ತಿತ್ತು. ಆ ಬಿರುಕಿನ ಅಚ್ಚು ಕಂಬಿಯ ಮೈಮೇಲೆ ಉಬ್ಬಿಕೊಂಡು ಮೂಡುತ್ತಿತ್ತು, ಓರೆ ಗೆರೆ ಅರ್ಧಂಬರ್ಧ ಆಗುತ್ತಿತ್ತು. ರೋಲು ವಾಪಸು ನನ್ನ ಲೇತಿಗೆ ಬರುತ್ತಿತ್ತು. ಬಿರುಕು ಹೋಗುವ ತನಕ ಮೈ ಕೆರೆದರೆ ರೋಲು ತೆಳ್ಳಗಾಗಿ, ಎರಡು ಸಲ ಕೆರೆಯುವಷ್ಟರಲ್ಲಿ ಗುಜರಿಗೆ ಹೋಗುತ್ತಿತ್ತು.

"ಇದು ಶಾಖದ ಬಿರುಕು. ನೀರು ಸರಿ ಬೀಳಾಕತ್ತಿಲ್ರಿ," ಎಂದೆ ನಾನು ಫೋರ್‌ಮನ್‌ಗೆ. ರೋಲು ಓಡುವಷ್ಟು ಹೊತ್ತೂ ಅದರ ಮೇಲೆ ಕೊಳವೆಯಿಂದ ನೀರು ಬೀಳುತ್ತಿರಬೇಕು. ಕೆಂಡದಂಥ ಉಕ್ಕನ್ನು ಕಚ್ಚಿ ಹಿಡಿಯುವ ರೋಲನ್ನು ಕಾಪಾಡುವುದು ಆ ನೀರೊಂದೇ.

"ನೀರು ಬಿಟ್ಟೇ ಇರ್ತದ. ಕಣ್ಣಿದ್ರ ಬಂದು ನೋಡು," ಎಂದ ಅವನು.

ಹೋಗಿ ನೋಡಿದೆ. ಬೀಳುತ್ತಿತ್ತು, ಧಾರಾಳವಾಗಿ. ಮರುದಿನ ನೋಡಿದೆ, ಆಗಲೂ ಬೀಳುತ್ತಿತ್ತು. ನನಗೇ ನನ್ನ ಕೈಯ ಮೇಲೆ ಅನುಮಾನ ಬಂತು. ಹತಾರದ ಮೂತಿ ಬದಲಿಸಿದೆ, ನಿಧಾನಕ್ಕೆ ಕೊರೆದೆ, ಕಚ್ಚಿನ ತಳವನ್ನು ಕನ್ನಡಿಯಾಗುವಂತೆ ಉಜ್ಜಿದೆ. ರೋಲು ಎರಕ ಹೊಯ್ದು ಕಳಿಸುವವರಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. ಏನು ಮಾಡಿದರೂ ಅದೇ ಬಿರುಕು.

ಆಮೇಲೆ ವಡಗೇರಾದ ಗುತ್ತಿಗೆದಾರರೊಬ್ಬರು ಟ್ರ್ಯಾಕ್ಟರ್ ತುಂಬ ಕಂಬಿ ವಾಪಸು ತಂದು ಮಿಲ್ಲಿನ ಬಾಗಿಲಲ್ಲೇ ಸುರಿದರು. "ಈ ರಾಡ್ ಮೈಯಾಗ ಗೆರಿ ಎಲ್ಲಿ ಅವ, ತೋರಸ್ರಿ ಸಾವುಕಾರ್ರ! ಇದನ್ನ ಹಾಕಿ ಸ್ಲ್ಯಾಬ್ ಹೊಯ್ದ್ರ ನಾಳಿ ಮಂದಿ ನನ್ನ ಮನಿಗಿ ಬಂದು ಹೊಡೀತಾರ!" ಎಂದು ಕೂಗಾಡಿದರು.

ಮಿಲ್ಲಿನ ಸಾವುಕಾರರು ಕೆಟ್ಟವರಲ್ಲ, ಆದರೆ ಮಂದಿಯ ಎದುರು ತಲೆ ತಗ್ಗಿಸಿ ರೂಢಿಯಿಲ್ಲದವರು. ಫೋರ್‌ಮನ್‌ನನ್ನೂ ನನ್ನನ್ನೂ ಕರೆಸಿದರು. ಗುತ್ತಿಗೆದಾರರು ಅಲ್ಲೇ ಕುರ್ಚಿಯ ಮೇಲೆ ಕೂತಿದ್ದರು, ಭಟ್ಟಿಯವರು ಬಾಗಿಲಲ್ಲಿ ನಿಂತಿದ್ದರು. ಫೋರ್‌ಮನ್ ಮೀಸೆಯ ಮೇಲೆ ಕೈಯಾಡಿಸಿ ಹೇಳಿದ: "ನಾ ಏನ್ ಹೇಳ್ಲಿರಿ? ಪಂಪ್ ಶಾಫ್ಟ್ ಕೊರಿಯೋರ ಕೈಯಾಗ ರೋಲ್ ಕೊಟ್ರ ಹಿಂಗೇ ಆಗ್ತದ. ರೋಲ್ ಕೊರಿಯೂದು ಅಂದ್ರ ಬೆಣ್ಣಿ ಕಡದಂಗ ಅಲ್ಲ."

ಮೈಯೆಲ್ಲ ಉರಿದುಹೋಯಿತು. "ನಿಮ್ಮ ಕೈಗಿ ಕೊಟ್ಟಾಗ ಒಂದು ಗೀರು ಇರಲಿಲ್ಲಲ್ರಿ ಅದರ ಮ್ಯಾಲ!" ಎಂದೆ.

"ಬಾಯಿ ಮುಚ್ಚು," ಅಂದರು ಸಾವುಕಾರರು, ನನಗೆ. ಅವನಿಗಲ್ಲ. "ಈ ಅಮಾಸಿಗಿ ಹೊಸ ರೋಲ್ ಏರಸ್ತೀವಿ. ಅವೂ ಹಿಂಗೇ ಆದ್ವು ಅಂದ್ರ ನೀ ನಿನ್ನ ದಾರಿ ನೋಡ್ಕೋ."

ಆ ಮಾತು ನನಗಿಂತ ಮುಂಚೆ ದೋರನಹಳ್ಳಿ ತಲುಪಿತು. ಮಿಲ್ಲಿನ ಭಟ್ಟಿಯಲ್ಲಿ ನಮ್ಮೂರಿನವರು ಕೆಲವರು ದುಡಿಯುತ್ತಿದ್ದರಲ್ಲ. ಹೋಟೆಲಿನಲ್ಲಿ ಕೂತರೆ, "ಏನಪಾ, ನಿನ್ನ ರೋಲ್ ಒಡೀತಾವಂತ?" ಎಂದು ಕೇಳುವವರು ಕೇಳಿದರು. ಕೇಳದವರು ಮುಖ ನೋಡಿದರು. ಕೆಲಸ ಹೋದರೆ ಇನ್ನೊಂದು ಸಿಕ್ಕೀತು. ಆದರೆ ರೋಲು ಕೆಡಿಸಿದವನು ಎಂಬ ಹೆಸರು ಹೊತ್ತುಕೊಂಡು ಯಾವ ಲೇತಿನ ಮುಂದೆ ನಿಲ್ಲಲಿ? ನನಗೆ ಬೇಕಾಗಿದ್ದು ಒಂದೇ. ತಪ್ಪು ನನ್ನದಲ್ಲ ಅಂತ ಆ ಸಾವುಕಾರರು ಅದೇ ಮಂದಿಯ ಎದುರು ಅದೇ ಗಟ್ಟಿ ದನಿಯಲ್ಲಿ ಹೇಳಬೇಕು.

ಮನೆಯಲ್ಲಿ ನಾನು ಕುದಿಯುತ್ತ ಕೂತಿದ್ದನ್ನು ನೋಡಿ ನೋಡಿ ನನ್ನ ಹೆಂಡತಿಗೆ ಸಾಕಾಯಿತು. ರೊಟ್ಟಿ ಬಡಿಯುತ್ತಲೇ ಹೇಳಿದಳು: "ಹೊಸಾ ರೋಲ್ ಏರಸೂ ದಿನ ನೀವು ಅಲ್ಲಿ ಇರ್ತೀರೇನು?"

"ಅವತ್ತು ಅಮಾಸಿ ಇರ್ತದಲ್ಲ. ನನಗ ಸೂಟಿ."

"ಮತ್ತ ಮನ್ಯಾಗ ಮಕ್ಕೊಂಡವರಿಗಿ ಮಿಲ್ಲಿನ್ಯಾಗ ಏನ್ ನಡೀತದ ಅಂತ ಹ್ಯಾಂಗ ತಿಳೀತದ್ರಿ? ಒಂದಿನ ಹೋಗಿ ನೋಡ್ರಲ್ಲ!"

ಈ ಸೂಟಿಯ, ಅಂದರೆ ರಜೆಯ, ವಿಷಯ ಹೇಳಬೇಕು. ನಮ್ಮ ಕಡೆ ಅಮಾವಾಸ್ಯೆಗೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಹಾಗೆಯೇ ನಾನು ಕಲಿತ ಅಂಗಡಿಯಲ್ಲಿ ಅವತ್ತು ಲೇತಿನ ಗುಂಡಿ ಒತ್ತುತ್ತಿರಲಿಲ್ಲ. ಆ ರೂಢಿಯನ್ನು ನಾನು ಮಿಲ್ಲಿಗೂ ತಂದಿದ್ದೆ. ಮಿಲ್ಲಿನವರದು ಬೇರೆ ರೂಢಿ. ಅವರು ಅಮಾವಾಸ್ಯೆಯ ಬೆಳಿಗ್ಗೆ ಮಿಲ್ಲು ನಿಲ್ಲಿಸಿ, ಹೊಸ ರೋಲು ಏರಿಸಿ, ಪೂಜೆ ಮಾಡಿ, ಮಧ್ಯಾಹ್ನ ಶುರು ಮಾಡುತ್ತಿದ್ದರು. ಹೀಗಾಗಿ ನನ್ನ ಕೈಯಲ್ಲಿ ಹುಟ್ಟಿದ ರೋಲು ಮೊದಲನೆಯ ಸಲ ಬೆಂಕಿ ಮುಟ್ಟುವುದನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ಆ ಅಮಾವಾಸ್ಯೆ ಹೋದೆ. ಇಸ್ತ್ರಿ ಅಂಗಿ ಹಾಕಿಕೊಂಡು, ಪೂಜೆಗೆ ಬಂದವನ ಹಾಗೆ ಹಿಂದಿನ ಸಾಲಿನಲ್ಲಿ ನಿಂತೆ. ಸುರಪುರದಿಂದ ಸಾವುಕಾರರ ತಾಯಿ ಕಾರಿನಲ್ಲಿ ಬಂದರು. ಹಣೆ ತುಂಬ ವಿಭೂತಿ, ಮೆಲ್ಲಗಿನ ನಡಿಗೆ, ಮಗನ ತೋಳು ಹಿಡಿದಿದ್ದರು. ನಿಂತ ರೋಲುಗಳಿಗೆ ತಾವೇ ವಿಭೂತಿ ಬಳಿದರು, ಕುಂಕುಮ ಇಟ್ಟರು, ಚೆಂಡು ಹೂವು ಏರಿಸಿದರು, ಆರತಿ ಎತ್ತಿದರು. ಫೋರ್‌ಮನ್ ಕಾಯಿ ಒಡೆದ. ಆಮೇಲೆ ಅವರಿಗೆ ದೂರದಲ್ಲಿ, ಗೋಡೆಯ ಹತ್ತಿರ, ಕುರ್ಚಿ ಹಾಕಿ ಕೂರಿಸಿ ಚಹಾ ಕೊಟ್ಟರು. ಮಿಲ್ಲು ತಿರುಗಿತು. ಭಟ್ಟಿಯ ಬಾಗಿಲು ತೆರೆಯಿತು. ಕೆಂಪು ದಿಂಡು ಬಂದು ನನ್ನ ರೋಲಿನ ಬಾಯಿಗೆ ಬಿತ್ತು.

ಏನೋ ಸರಿಯಿಲ್ಲ ಅನ್ನಿಸಿತು. ಏನೆಂದು ತಟ್ಟನೆ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ಹಬೆ ಇಲ್ಲ! ದಿನವೂ ರೋಲಿನ ಮೇಲೆ ನೀರು ಬಿದ್ದು ಬೆಳ್ಳಗೆ ಹಬೆ ಏಳುತ್ತದೆ, ರೋಲಿನ ಮೈ ಕಾಣುವುದೇ ಇಲ್ಲ. ಇವತ್ತು ರೋಲು ಸ್ವಚ್ಛ ಕಾಣುತ್ತಿದೆ. ಕುಂಕುಮ ಕೂಡ ಅದರ ಜೊತೆ ಗರಗರ ತಿರುಗುತ್ತಿದೆ. ನೀರಿನ ವಾಲ್ ಕಡೆ ನೋಡಿದೆ. ಬಂದಾಗಿತ್ತು. ಫೋರ್‌ಮನ್ ಅದರ ಮೇಲೆ ಕೈಯಿಟ್ಟುಕೊಂಡು, ಕುರ್ಚಿಯಲ್ಲಿ ಕೂತ ಅವ್ವಾರ ಕಡೆ ಹುಳ್ಳಗೆ ನಗುತ್ತ ನಿಂತಿದ್ದ.

ಒಂದರ ಹಿಂದೆ ಒಂದು ದಿಂಡು ಹೋದವು. ನನ್ನ ರೋಲು ಒಣ ಮೈಯಲ್ಲಿ ಬೇಯುತ್ತಿತ್ತು. ಅವ್ವಾರು ಚಹಾ ಮುಗಿಸಿ ಎದ್ದರು. ಮಗ ಕಾರಿನ ತನಕ ಬಿಡಲು ಹೋದರು. ಕಾರು ಗೇಟು ದಾಟಿತೋ ಇಲ್ಲವೋ, ಫೋರ್‌ಮನ್ ವಾಲನ್ನು ಪೂರ್ತಿ ತಿರುಗಿಸಿಬಿಟ್ಟ. ಭುಸ್ ಎಂದು ಹಬೆ ಎದ್ದಿತು. ಅದರೊಳಗಿಂದ ಚಟ್, ಚಟ್ ಎಂದು ಸಣ್ಣ ಸದ್ದು. ಕಾದ ಮಣ್ಣಿನ ಹಂಚಿನ ಮೇಲೆ ತಣ್ಣೀರು ಸುರಿದರೆ ಏನಾಗುತ್ತದೆ ಎಂದು ರೊಟ್ಟಿ ಬಡಿಯುವ ಯಾರನ್ನಾದರೂ ಕೇಳಿ. ನನ್ನ ಕಣ್ಣೆದುರಿಗೇ ನನ್ನ ರೋಲುಗಳನ್ನು ಕೊಲ್ಲುತ್ತಿದ್ದರು.

ಓಡಿಹೋಗಿ ಅವನ ಅಂಗಿ ಹಿಡಿದೆ. "ಏನ್ ಮಾಡಾಕತ್ತಿ? ಏನ್ ಮಾಡಾಕತ್ತಿ ನೀ?" ಅವತ್ತಿನವರೆಗೆ ಅವನಿಗೆ ಬಹುವಚನ ಹಚ್ಚುತ್ತಿದ್ದೆ. ಅದು ಅಲ್ಲೇ ಉದುರಿತು.

"ಅಮಾಸಿ ದಿನ ನೀ ಯಾಕ ಬಂದಿ ಇಲ್ಲಿ?" ಎಂದ. ಮೊದಲು ಬಾಯಿಗೆ ಬಂದದ್ದೇ ಅದು. ನೀವೇ ಯೋಚಿಸಿ.

"ನೀರ್ ಯಾಕ ಬಂದ್ ಮಾಡಿದ್ದಿ?"

"ಅವ್ವಾರು ಹಚ್ಚಿದ ಕುಂಕುಮ ಅವರ ಕಣ್ಣಮುಂದ ತೊಳದು ಮೋರಿಗಿ ಬಿಡ್ಲೇನು? ಅಪಶಕುನ ಆಗಂಗಿಲ್ಲ? ಅವ್ವಾರು ಹೋಗೂ ತನಕ ಕುಂಕುಮ ಇರಬೇಕು. ಮೊದಲಿಂದ ಹಂಗೇ ನಡದದ."

"ಬಿರುಕು ಇದರಿಂದಾನೇ ಬರ್ತಾವ ಅಂತ ನಿನಗ ಗೊತ್ತಿತ್ತಲ್ಲ? ಖರೇ ಹೇಳು."

ಅವನು ಸುತ್ತ ನೋಡಿದ. ಮಿಲ್ಲಿನ ಗದ್ದಲದಲ್ಲಿ ನಮ್ಮ ಮಾತು ಯಾರಿಗೂ ಕೇಳುತ್ತಿರಲಿಲ್ಲ. "ಗೊತ್ತಿದ್ರ ಏನ್ ಮಾಡ್ಲಿ? ಅವ್ವಾರ ಹೆಸರು ಹೇಳ್ಲೇನು? ನಿನ್ನ ಹೆಸರು ಹೇಳೂದು ಸಸ್ತಾ ಇತ್ತು," ಎಂದ.

ಸಸ್ತಾ. ನನ್ನ ಹೆಸರು ಅವನಿಗೆ ಅಷ್ಟು ಅಗ್ಗವಾಗಿತ್ತು. ಆ ಕ್ಷಣ ನನ್ನ ಕೈಯಲ್ಲಿ ಏನಾದರೂ ಇದ್ದಿದ್ದರೆ ನಾನು ಇವತ್ತು ಜೈಲಿನಲ್ಲಿ ಇರುತ್ತಿದ್ದೆ. ಭಟ್ಟಿಯವರು ಬಂದು ನಮ್ಮನ್ನು ಬಿಡಿಸಿದರು. ಅಷ್ಟರಲ್ಲಿ ಸಾವುಕಾರರು ವಾಪಸು ಬಂದರು.

ನಾನು ಎಲ್ಲರ ಎದುರೇ ಹೇಳಿದೆ. ಕುಂಕುಮಕ್ಕಾಗಿ ನೀರು ನಿಲ್ಲಿಸುವುದು, ಒಣ ರೋಲು ಕಾಯುವುದು, ಕಾದ ಮೇಲೆ ತಣ್ಣೀರು ಬಿಡುವುದು, ಎಲ್ಲ ಹೇಳಿದೆ. "ರೋಲ್ ಇಳಸ್ರಿ, ಈಗಿಂದೀಗ ತೋರಸ್ತೀನಿ," ಎಂದೆ.

ಸಾವುಕಾರರ ಮುಖ ಕಪ್ಪಿಟ್ಟಿತು. "ನಮ್ಮ ಅವ್ವನ ಪೂಜಿಯಿಂದ ರೋಲ್ ಒಡೀತಾವ ಅಂತೀಯೇನು?"

"ಪೂಜಿಯಿಂದ ಅಲ್ರಿ, ನೀರು ಬಂದ್ ಮಾಡೂದ್ರಿಂದ."

"ಒಂದೇ ಆತಲ್ಲ!" ಎಂದು ಗುಡುಗಿದರು. "ತನ್ನ ತಪ್ಪು ಮುಚ್ಚಾಕ ದೇವರ ಕುಂಕುಮಕ್ಕ ಕೈ ಹಚ್ಚಾಕತ್ತಾನ. ಹೊರಗ ಹಾಕ್ರಿ ಇವನ್ನ. ನಾಳಿಂದ ಬರೂದು ಬ್ಯಾಡ."

ಭಟ್ಟಿಯ ಮುಂದೆ ನಿಂತ ನಮ್ಮೂರಿನವರು ನೆಲ ನೋಡುತ್ತಿದ್ದರು. ಒಬ್ಬನಾದರೂ ಬಾಯಿ ಬಿಡಬಾರದಿತ್ತೇ? ವಾಲ್ ಬಂದಾಗುವುದನ್ನು ಪ್ರತಿ ಅಮಾವಾಸ್ಯೆ ನೋಡಿದವರು ಅವರು. ಅವರ ಮೇಲೂ ನನಗೆ ಸಿಟ್ಟಿದೆ, ಬಿಡಿ.

ಮರುದಿನ ಸುರಪುರದ ಬಸ್ಸು ಹತ್ತಿದೆ. ಸಾವುಕಾರರ ತಾಯಿಯ ಮನೆ ಹುಡುಕಿಕೊಂಡು ಹೋದೆ. ಸಮಾಧಾನ ಹೇಳಿಸಿಕೊಳ್ಳಲು ಅಲ್ಲ, ಜಗಳಕ್ಕೇ ಹೋದದ್ದು. ಅವರು ಕಟ್ಟೆಯ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದರು. ನಾನು ಎದುರಿಗೆ ನಿಂತಿದ್ದರೂ, "ಯಾರಪಾ ಅವರು? ಸನೇಕ ಬಾ," ಎಂದರು. ಯಾರೆಂದು ಹೇಳಿದೆ. ಕೂರಲಿಲ್ಲ. ನಿಂತೇ ಎಲ್ಲವನ್ನೂ ಒದರಿದೆ. "ನಿಮ್ಮ ಕುಂಕುಮ ಉಳಸಾಕ ನನ್ನ ಅನ್ನ ಕಸಗೊಂಡಾರ, ಯವ್ವಾ! ನೀವು ಹೇಳೀರಿ ಅಂತ ನೀರು ಬಂದ್ ಮಾಡ್ತಾರಲ್ಲ!"

ಅವರ ಕೈಯಲ್ಲಿನ ಬತ್ತಿ ನಿಂತಿತು. "ನಾ ಎಂದ ಹೇಳೀನಿ?"

"ಕುಂಕುಮ ತೊಳೀಬಾರದು ಅಂತ?"

"ಅಯ್ಯ ನನ್ನಪ್ಪ! ಆರತಿ ಆದ ಮ್ಯಾಲ ನೀರರ ಬಿಡ್ರಿ, ಬೆಂಕಿಯರ ಹಚ್ರಿ, ನನಗ್ಯಾಕ? ಮತ್ತ ನನ್ನ ಕಣ್ಣಿಗಿ ಪರದೆ ಬಂದು ಎಷ್ಟೋ ದಿನ ಆತು. ಕೈಲೆ ಸವರಿ ಸವರಿ ಕುಂಕುಮ ಹಚ್ತೀನಿ. ಅಷ್ಟು ದೂರ ಕುಂತ್ರ ರೋಲ್ ಯಾವುದು, ಗ್ವಾಡಿ ಯಾವುದು, ನನಗೇನೂ ತಿಳಿಯಂಗಿಲ್ಲ. ಬರೇ ಕೆಂಪು ಬೆಳಕು ಕಾಣತದ ನೋಡಪಾ, ಅಷ್ಟೇ."

ಅಲ್ಲಿಯ ತನಕ ನಿಂತೇ ಇದ್ದ ನಾನು ಕಟ್ಟೆಯ ಮೇಲೆ ಕೂತೆ. ಕಾಣದ ಕಣ್ಣಿನ ಎದುರು ಕುಂಕುಮ ಕಾಯಲು ಅವನು ನನ್ನ ಅಷ್ಟೂ ರೋಲುಗಳನ್ನು ಸುಟ್ಟಿದ್ದ! ಅವರೇ ಒಳಗಿಂದ ಫೋನು ತರಿಸಿ, ನನ್ನೆದುರೇ ಮಗನಿಗೆ ಹೇಳಿದರು: "ಇನ್ನ ಮ್ಯಾಲ ನಾ ಇದ್ದಾಗನೂ ನೀರು ಬಿಡ್ರಿ. ಇವನ್ನ ಹೊಳ್ಳಿ ಕೆಲಸಕ್ಕ ತಗೋ." ಆ ಕಡೆಯಿಂದ, "ಹೂಂ ಯವ್ವಾ," ಎಂದಷ್ಟೇ ಕೇಳಿತು.

ಕೆಲಸಕ್ಕೆ ಹೋದೆ. ಸಾವುಕಾರರು ಮುಖ ಕೊಟ್ಟು ಮಾತಾಡಲಿಲ್ಲ. ಬಿರುಕು ಬಿಟ್ಟ ರೋಲುಗಳನ್ನು ಮತ್ತೆ ಕೆರೆದೆ, ಹೊಸ ಜೋಡಿ ಕೊರೆದೆ. ಮುಂದಿನ ಅಮಾವಾಸ್ಯೆ ಕುಂಕುಮವನ್ನು ರೋಲು ಹಿಡಿದುಕೊಳ್ಳುವ ಕಬ್ಬಿಣದ ಚೌಕಟ್ಟಿಗೆ ಹಚ್ಚಿಸಿದರು. ಮೊದಲ ದಿಂಡಿಗಿಂತ ಮುಂಚೆಯೇ ನೀರು ಬಿಟ್ಟರು. ಬಿರುಕಿನ ಸುಳಿವೇ ಇಲ್ಲ. ರೋಲುಗಳು ಓಡಿದವು, ಓಡುತ್ತಲೇ ಇದ್ದವು. ಕಂಬಿಯ ಗೆರೆ ಬೆರಳಿಗೆ ಚುಚ್ಚುವ ಹಾಗೆ ಮೂಡಿತು. ನನಗೆ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಇನ್ನು ಸಾವುಕಾರರು ತಪ್ಪು ನನ್ನದಲ್ಲ ಎಂಬ ಆ ಮಾತನ್ನು ಎಲ್ಲರ ಎದುರು ಹೇಳುತ್ತಾರೆ ಎಂದು ಕಾದೆ.

ಒಂದು ದಿನ ವಡಗೇರಾದ ಅದೇ ಗುತ್ತಿಗೆದಾರರು ಮಾಲು ನೋಡಲು ಬಂದರು. ಕಂಬಿಯ ಮೇಲೆ ಕೈಯಾಡಿಸಿ, "ವಾರೆವ್ಹಾ! ಏನ್ ಮಾಡಿದ್ರಿ ಸಾವುಕಾರ್ರ?" ಎಂದರು. ನಾನು ಅಲ್ಲೇ ಇದ್ದೆ. ಫೋರ್‌ಮನ್ ಇದ್ದ. ಭಟ್ಟಿಯವರೆಲ್ಲ ಇದ್ದರು.

ಸಾವುಕಾರರು ನನ್ನ ಕಡೆ ಕೈ ತೋರಿಸಿ ನಕ್ಕರು. "ನಮ್ಮ ಟರ್ನರ್ ಸುಧಾರಿಸ್ಯಾನ್ರಿ," ಎಂದರು.

ಫೋರ್‌ಮನ್ ತಕ್ಷಣ ಸೇರಿಸಿದ: "ಬೈಸಿಕೊಂಡ ಮ್ಯಾಲ ಕೈ ನೆಟ್ಟಗ ಆತು ನೋಡ್ರಿ." ಎಲ್ಲರೂ ನಕ್ಕರು. ನಮ್ಮೂರಿನವರೂ ನಕ್ಕರು.

"ನಾ ಸುಧಾರಿಸಿಲ್ರಿ," ಎಂದೆ ಗುತ್ತಿಗೆದಾರರಿಗೆ. "ನನ್ನ ಕೈ ಮೊದಲ ಹ್ಯಾಂಗಿತ್ತು ಈಗೂ ಹಂಗೇ ಅದ. ಇವರು ನೀರು ಬಿಡಾಕ ಕಲತಾರ."

ಗುತ್ತಿಗೆದಾರರು ಒಮ್ಮೆ ನನ್ನನ್ನೂ ಒಮ್ಮೆ ಸಾವುಕಾರರನ್ನೂ ನೋಡಿದರು. "ಹೋಗ್ಲಿ ಬಿಡ್ರಿ, ಒಳಗ ನಡೀರಿ, ಚಾ ಕುಡ್ಯೂಣು," ಎಂದು ಸಾವುಕಾರರು ಅವರನ್ನು ಕರೆದುಕೊಂಡು ಹೋದರು.

ನಾನು ಲೇತಿನ ಕೋಣೆಗೆ ಹೋಗಿ ನನ್ನ ಸ್ವಂತದ ಸಾಮಾನು ಚೀಲಕ್ಕೆ ತುಂಬಿಕೊಂಡೆ. ಗೇಟಿನ ಹತ್ತಿರ ಬಂದಾಗ ಹಿಂದಿನಿಂದ ಸಾವುಕಾರರು ದಾಪುಗಾಲು ಹಾಕುತ್ತ ಬಂದರು. ಅವರೊಬ್ಬರೇ. ಸುತ್ತ ನೋಡಿ, ದನಿ ತಗ್ಗಿಸಿ ಹೇಳಿದರು: "ಹುಚ್ಚನಂಗ ಮಾಡಬ್ಯಾಡ. ತಪ್ಪು ನಿಂದಲ್ಲ. ನನಗೂ ಗೊತ್ತದ."

"ಇದೇ ಮಾತು ಒಳಗ ಬಂದು ಅವರೆಲ್ಲರ ಮುಂದ ಹೇಳ್ರಿ. ಚೀಲ ಇಲ್ಲೇ ಇಳಸ್ತೀನಿ."

ಅವರು ಷೆಡ್ಡಿನ ಕಡೆ ತಿರುಗಿ ನೋಡಿದರು. ಒಂದು ಗಳಿಗೆ ಹೇಳಿಯೇಬಿಡುತ್ತಾರೇನೋ ಅನ್ನಿಸಿತು.

"ಪಗಾರ ಹೆಚ್ಚ ಮಾಡ್ತೀನಿ," ಎಂದರು.

ನಾನು ಚೀಲವನ್ನು ಹೆಗಲಿಗೆ ಏರಿಸಿಕೊಂಡು ರಸ್ತೆಗೆ ಇಳಿದೆ.